ನಿನ್ನ ಅರ್ಜಿಯಲ್ಲಿ ಖಾಲಿ ಇದ್ದ ಜಾಗ

ಯಲಬುರ್ಗಾ, ೧೯೪೯

ಗೆಳೆಯ ಅಮರಪ್ಪ,

‘ರುಚಿ ಹತ್ತತೈತಿ, ಹೊಟ್ಟಿ ತುಂಬೂದಿಲ್ಲ’ ಅಂತ ನೀನು ಅಂದಿದ್ದೆಯೋ, ‘ಹೊಟ್ಟಿ ತುಂಬತೈತಿ, ರುಚಿ ಹತ್ತೂದಿಲ್ಲ’ ಅಂದಿದ್ದೆಯೋ, ಈಗ ಸರಿಯಾಗಿ ನೆನಪಿಲ್ಲ. ಎಲ್ಲ ವಿಷಯಗಳನ್ನೂ ಇಷ್ಟಿಷ್ಟು ಓದಿಸುವ ಆ ಬಿ.ಎ. ಬಗ್ಗೆ ಆಡಿದ ಮಾತು ಅದು. ಚರಿತ್ರೆ, ಭೂಗೋಳ, ವಿಜ್ಞಾನ, ಭಾಷೆ, ಚೂರು ಲೆಕ್ಕ. ಮುಂದೆ ಶಾಲಾ ಮಾಸ್ತರರಾಗುವವರಿಗೆಂದೇ ಇಟ್ಟದ್ದು. ನಾನು ಅದನ್ನು ಆರಿಸಿಕೊಂಡಿದ್ದೆ. ನಿನಗೆ ಗಣಿತವೊಂದೇ ಬೇಕಿತ್ತು. ‘ಎಲ್ಲಾದರಾಗೂ ಕೈ ಹಾಕಾಂವ ನೀನು. ನಾ ಒಂದರಾಗ ಮುಳಗಾಂವ’ ಎಂದು ಹೈದರಾಬಾದಿನ ನಮ್ಮ ಕೋಣೆಯಲ್ಲಿ ನೀನು ನಕ್ಕಿದ್ದೆ.

೧೯೩೧ರಲ್ಲಿ, ಕಾಲೇಜು ತೆರೆಯುವ ಮುಂಚೆ, ಜ್ವರ ಹಿಡಿದು ಕುಷ್ಟಗಿಗೆ ಹೊರಟ ನೀನು, ವಿಷಯದ ಜಾಗ ಖಾಲಿ ಬಿಟ್ಟು ಸಹಿ ಮಾಡಿದ ಉರ್ದು ಅರ್ಜಿಯನ್ನು ನನ್ನ ಕೈಗಿಟ್ಟೆ. ‘ನನ್ನ ಉರ್ದು ಅಕ್ಷರ ಕಾಗಿ ಕಾಲು ಇದ್ದಂಗ ಅದಾವು. ವಿಷಯ ನೀನs ಬರದು ಕೊಡೋ.’ ಕಚೇರಿಯ ಮುಂದೆ ಸರದಿಯಲ್ಲಿ ನಿಂತಾಗ, ಗೊತ್ತಿಲ್ಲದವರ ನಡುವೆ ಎರಡು ವರ್ಷ ಒಬ್ಬನೇ ಕೂರಬೇಕಲ್ಲ ಅನ್ನಿಸಿತು. ಅಷ್ಟೇ ಕಾರಣ. ನನ್ನ ಅರ್ಜಿಯಲ್ಲಿ ಬರೆದದ್ದನ್ನೇ ನಿನ್ನದರಲ್ಲೂ ಬರೆದೆ. ಹೀಗೆ ಬರೆದೆನೆಂದು ಅಂಜಿಕೊಂಡೇ ನಿನಗೆ ಕಾಗದ ಹಾಕಿದೆ.

ನಿನ್ನ ಉತ್ತರ ಬರಲಿಲ್ಲ. ನಿಮ್ಮವ್ವ ಗುರುಲಿಂಗಮ್ಮ ಆಮೇಲೆ ಹೇಳಿದರು: ‘ನಿನ್ನ ಕಾಗದ ಓದಿ ಒಂದೀಟು ನಕ್ಕನಪಾ ಕೊಟ್ರಪ್ಪ. ಆಮ್ಯಾಗ ಗ್ವಾಡಿ ಕಡೆ ಹೊಳ್ಳಿ ಮಕ್ಕೊಂಡ.’ ಮೂರನೆಯ ದಿನ ನೀನು ತೀರಿಕೊಂಡೆ. ಆ ನಗೆ ಎಂಥದೆಂದು ಅವರನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಇಲ್ಲಿನ ಶಾಲೆಯಲ್ಲಿ ಮೂವರು ಮಾಸ್ತರರಿದ್ದೆವು. ಹೋದ ವರ್ಷದ ರಜಾಕಾರರ ಗಲಾಟೆಯಲ್ಲಿ ಇಬ್ಬರು ಊರು ಬಿಟ್ಟರು. ಎಲ್ಲ ವಿಷಯವೂ ನನ್ನ ಪಾಲಿಗೆ ಬಂತು, ಲೆಕ್ಕವೂ ಸೇರಿ. ಶ್ರಾವಣದಲ್ಲಿ ಒಂದು ದಿನ ಭಿನ್ನರಾಶಿಯ ಲೆಕ್ಕವೊಂದನ್ನು ಹಲಗೆಯ ಮೇಲೆ ಬಿಡಿಸಿ, ಪಕ್ಕದ ಕಿಟಕಿಯ ಹೊರಗೆ ನೋಡುತ್ತ ನಿಂತೆ. ತಿರುಗಿದಾಗ ನನ್ನ ಮೂರನೆಯ ಸಾಲಿನ ಮೇಲೆ ಗೀಟು ಬಿದ್ದಿತ್ತು. ಕೆಳಗೆ ಸರಿಯಾದ ಉತ್ತರವಿತ್ತು. ಅಂಕಿಗಳು ಹಿಂದಕ್ಕೆ ವಾಲಿದ್ದವು. ಯಾರು ಬರೆದದ್ದೆಂದು ಕೇಳಿದೆ. ಮಕ್ಕಳು ಮುಖ ಮುಖ ನೋಡಿಕೊಂಡರು.

‘ನೀವs ಬರದ್ರಲ್ಲರಿ ಮಾಸ್ತರ, ಎಡಗೈಲೆ!’

ನಾನು ಎಡಗೈಯಲ್ಲಿ ಎಂದೂ ಬರೆದವನಲ್ಲ. ಬರೆಯುತ್ತಿದ್ದವನು ನೀನು. ನನ್ನ ಎಡಗೈ ಬೆರಳುಗಳಿಗೆ ಸುಣ್ಣದ ಬಳಪದ ಪುಡಿ ಮೆತ್ತಿತ್ತು.

ಆಮೇಲೆ ನಾಲ್ಕು ಸಲ ಹೀಗಾಯಿತು. ತಪ್ಪಿದಾಗ ಮಾತ್ರ, ಲೆಕ್ಕದಲ್ಲಿ ಮಾತ್ರ. ಭೂಗೋಳದ ಪಾಠದಲ್ಲಿ ಹಲಗೆಯ ಮೇಲೆ ಬೇಕೆಂದೇ ನದಿಯೊಂದನ್ನು ತಪ್ಪು ಕಡೆ ಹರಿಸಿ ನೋಡಿದೆ. ಅದು ಹಾಗೇ ಹರಿಯಿತು. ಈಗ ನನಗೆ ಭಯವಿಲ್ಲ. ಮಕ್ಕಳಿಗೆ ಸರಿಯಾದದ್ದು ಸಿಗುತ್ತಿದೆ ಎಂದುಕೊಂಡು ಹಲಗೆಗೆ ಬೆನ್ನು ತಿರುಗಿಸಿ ನಿಲ್ಲುತ್ತೇನೆ.

ನಿನಗೆ ಬರೆಯಲು ಕಾರಣ ಬೇರೆ. ನನ್ನಲ್ಲಿ ಓದಿದ ಹೊನ್ನೂರಪ್ಪನ ಮಗಳು ಹಂಪವ್ವ ಮುಂದೆ ಇಂಟರ್‌ವರೆಗೂ ಓದಿ, ಮಾಸ್ತರಿಕೆ ಮಾಡುತ್ತೇನೆಂದು ಕಾಲೇಜಿನ ಅರ್ಜಿ ಹಿಡಿದು ನಿನ್ನೆ ಬಂದಿದ್ದಳು. ಎಲ್ಲವನ್ನೂ ಓದಲೋ, ಒಂದನ್ನೇ ಓದಲೋ ಎಂದು ಅವಳ ಪ್ರಶ್ನೆ. ಹಳ್ಳಿಯ ಶಾಲೆಗೆ ಎಲ್ಲವೂ ಬೇಕು ಎಂದೆ. ‘ಎಲ್ಲಾ ಕಲ್ತು ನಿಮ್ಮಂಗ ಲೆಕ್ಕ ತಪ್ಪಲೇನ್ರಿ?’ ಎಂದು ನಕ್ಕಳು. ಶಾಲೆಯ ಮಕ್ಕಳು ಹೇಳಿರಬೇಕು. ಅರ್ಜಿಯನ್ನು ನನ್ನ ಮುಂದೆ ಸರಿಸಿ, ‘ನೀವs ಬರದು ಬಿಡ್ರಿ’ ಎಂದಳು.

ನಾನು ಲೇಖನಿ ಮುಟ್ಟಲಿಲ್ಲ. ನಾಳೆ ಶಾಲೆಗೆ ಬಂದು, ಹಲಗೆಯ ಎದುರು ಕೂತು, ಅವಳೇ ಬರೆಯುತ್ತಾಳೆ. ಏನು ಬರೆಯುತ್ತಾಳೋ ನನಗೆ ಗೊತ್ತಿಲ್ಲ, ಗೊತ್ತಿರಬಾರದು.

ನೀನಿರುವಲ್ಲಿ ನಿನಗೆ ತಂಪಿರಲಿ. ನಾಳೆ ಬರೆಯುವಾಗ ಅವಳ ಕೈ ಮಾತ್ರ ಹಿಡಿಯಬೇಡ. ನನ್ನದೊಂದು ಸಾಲದೇ, ಅಮರಪ್ಪ?

ನಿನ್ನ
ಕೊಟ್ರಪ್ಪ