ತಾಂಬಾದಿಂದ ಇಂಡಿಗೆ

ಇಂಡಿ
17 ನವೆಂಬರ್ 2025

ಪ್ರೀತಿಯ ರೋಷನಬಿಗೆ, ನಿನ್ನ ಸಿಕಂದರನ ಸಲಾಂ.

ನೀನು ನಾಲತವಾಡದ ತವರಿಗೆ ಹೋದಂದಿನಿಂದ ಬರೆಯಬೇಕೆಂದು ಎಷ್ಟು ಸಲ ಕುಳಿತೆನೋ, ಅಷ್ಟೇ ಸಲ ಎದ್ದುಬಿಟ್ಟೆ. ತಡವಾಯಿತು, ಸಿಟ್ಟಾಗಬೇಡ. ನೀನು ಫೋನ್ ಎತ್ತುತ್ತಿಲ್ಲವೆಂದು ನನಗೂ ಸಿಟ್ಟಿಲ್ಲ. ನಾಳೆ ನಿನ್ನ ಅಣ್ಣ ಫಿರೋಜ ಸಂತೆಗೆ ಬರುತ್ತಾನಂತೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಮಾತ್ರೆ ಬಿಡಬೇಡ.

ನಿನ್ನೆ ಆ ಉದ್ದನೆಯ ಅಭ್ಯಾಸದ ಓಟ ಮುಗಿಸಿದೆ. ವಿಜಯಪುರದ ಮ್ಯಾರಥಾನಿಗೆ ನನ್ನ ಹೆಸರು ಹಚ್ಚಿದವಳು ನೀನೇ. "ಸಾಲಿ ಹುಡುಗ್ರನ್ನ ಓಡಸೂದಷ್ಟ ಆತು, ಪೀಟಿ ಮಾಸ್ತರು ತಾವೂ ಒಮ್ಮೆ ಓಡ್ರಿ ನೋಡೋಣು" ಎಂದು ನಕ್ಕಿದ್ದೆ. ಈಗ ಅದೊಂದನ್ನು ಬಿಟ್ಟರೆ ನನಗೆ ಹಿಡಿದುಕೊಳ್ಳಲು ಬೇರೇನೂ ಉಳಿದಿಲ್ಲ.

ಪಕ್ಕದ ಮನೆಯ ಬೀರಣ್ಣ ನಸುಕಿನಲ್ಲೇ ಬೈಕಿನ ಮೇಲೆ ನನ್ನನ್ನು ತಾಂಬಾದ ಆಚೆ ಒಯ್ದು ಬಿಟ್ಟ. ಅಲ್ಲಿಂದ ಇಂಡಿಯವರೆಗೆ ನಾನು ಓಡುವುದು, ಅವನು ನೀರು ಹಿಡಿದು ಹಿಂದೆ ಬರುವುದು. ತಾಂಬಾ ದಾಟುವಷ್ಟರಲ್ಲೇ ಬಲ ಹಿಮ್ಮಡಿ ಉರಿಯತೊಡಗಿತು. ಬೇವಿನ ಮರದ ಕೆಳಗೆ ಬೂಟು ಬಿಚ್ಚಿದರೆ ದೊಡ್ಡ ನೀರುಗುಳ್ಳೆ. ಸೂಜಿಯನ್ನು ಸ್ಪಿರಿಟಿನಿಂದ ಒರೆಸಿ, ಗುಳ್ಳೆಯ ಅಂಚಿಗೆ ಚುಚ್ಚಿ ನೀರಿಳಿಸಿದೆ. ಮೇಲಿನ ಚರ್ಮ ಕೀಳದೆ ಪಟ್ಟಿ ಅಂಟಿಸಿ, ಒಣ ಕಾಲುಚೀಲ ಹಾಕಿಕೊಂಡೆ.

"ಗಾಡಿ ಹತ್ತು ಮಾರಾಯ. ಇದೇನ್ ದೇವ್ರ ಹರಕಿ ಐತೇನು?" ಎಂದ ಬೀರಣ್ಣ.

"ಇನ್ನೊಂದೀಟು ಓಡ್ತೇನಿ."

ಬಲಗಾಲನ್ನು ಉಳಿಸಲು ಎಡಗಾಲಿನ ಮೇಲೆ ಭಾರ ಬಿಟ್ಟೆ. ಅಲ್ಲೂ ಬೆರಳ ಬುಡದಲ್ಲಿ ಗುಳ್ಳೆ ಎದ್ದು, ಓಡುತ್ತಿರುವಾಗಲೇ ಒಡೆಯಿತು. ಬೂಟಿನೊಳಗೆಲ್ಲ ಬಿಸಿ ಬಿಸಿ, ಅಂಟು ಅಂಟು. ನಿಜ ಹೇಳಲೇ? ಕಾಲು ಉರಿಯುವಷ್ಟು ಹೊತ್ತು ಬೇರೇನೂ ನೆನಪಾಗುತ್ತಿರಲಿಲ್ಲ. ದಾರಿ ಮುಗಿದುಬಿಟ್ಟರೆ ಏನು ಗತಿ ಎಂಬ ಹೆದರಿಕೆಯೇ ಹೆಚ್ಚಾಗಿತ್ತು.

ಒಂದು ಸಣ್ಣ ಸೇತುವೆಯ ಕಟ್ಟೆಯ ಮೇಲೆ ಪಟ್ಟಿ ಬದಲಿಸಲು ಕುಳಿತವನಿಗೆ ಏಳಲಾಗಲಿಲ್ಲ. ಪಟ್ಟಿ ಜಾರಿ ಕೆಳಗೆ ಬಿತ್ತು. ಆಸ್ಪತ್ರೆಯಲ್ಲಿ ಬಾರದ ಅಳು ಅಲ್ಲಿ ಬಂತು, ರೋಷನ್. ಹೋರಿಯ ಹಾಗೆ ಒದರಿ ಅತ್ತೆ. ಬೀರಣ್ಣ ಗಾಡಿ ಆರಿಸಿ ನನ್ನ ಪಕ್ಕದಲ್ಲಿ ಕುಳಿತ. "ಅಳು. ಯಾರದಾರ ಇಲ್ಲಿ? ಬರೇ ಜ್ವಾಳದ ಹೊಲ" ಎಂದ. ಆಮೇಲೆ ನನ್ನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಾನೇ ಪಟ್ಟಿ ಸುತ್ತಿದ. ಗಾಡಿ ಹತ್ತು ಎಂದು ಮತ್ತೆ ಹೇಳಲಿಲ್ಲ.

ಉಳಿದ ದಾರಿಯನ್ನು ಗಿಡ್ಡ ಹೆಜ್ಜೆ ಹಾಕುತ್ತ, ಕುಂಟುತ್ತ ಓಡಿದೆ. ಲಿಂಬೆ ತೋಟದ ಹೆಂಗಸರು ಬುಟ್ಟಿ ಇಳಿಸಿ ನಿಂತು ನೋಡಿದರು. ಇಂಡಿ ಮುಟ್ಟಿದಾಗ ಸೂರ್ಯ ನೆತ್ತಿಗೆ ಬರುತ್ತಿದ್ದ. ಬೀರಣ್ಣ ಚಪ್ಪಾಳೆ ತಟ್ಟಿದ. ನನಗೆ ಗೆದ್ದೆನೆಂದು ಅನಿಸಲಿಲ್ಲ. ಬೀಗ ತೆಗೆದು ಒಳಗೆ ಹೋದರೆ ಮನೆಯಲ್ಲಿ ಸದ್ದೇ ಇಲ್ಲ.

ಅಪ್ಪಾಜಿಗೂ ಅಮ್ಮಿಗೂ ನನ್ನ ಸಲಾಂ ಹೇಳು. ಅಲ್ಲಾಹ ನಿನ್ನ ಮೈಗೆ ಬಲ, ಕಣ್ಣಿಗೆ ನಿದ್ದೆ ಕೊಡಲಿ.

ನಿನ್ನ
ಸಿಕಂದರ

ತಾ.ಕ.: "ಕೂಸಿನ ಮುಖಾ ನೋಡೀರೇನು, ಕೇಳಿ ಬಾ" ಎಂದು ಹೋದ ಸಂತೆಗೆ ಬಂದ ಫಿರೋಜನಿಗೆ ಹೇಳಿ ಕಳಿಸಿದ್ದೆಯಲ್ಲ. ಅವನಿಗೆ ಹೇಳದೆ ನಿನಗೇ ಬರೆಯುತ್ತಿದ್ದೇನೆ. ನಿನಗೆ ಎಚ್ಚರವಾಗುವ ಮೊದಲೇ ಹಿರಿಯರು ದಫನಿಗೆ ಅವಸರ ಮಾಡಿದರು. ನೋಡಿದೆ, ರೋಷನ್. ಕಬರಸ್ತಾನದವರೆಗೂ ನನ್ನ ಕೈಗಳ ಮೇಲೆಯೇ ಇದ್ದಳು. ತುಟಿ ನಿನ್ನದೇ. ಕಿವಿಯ ಮೇಲೆ ಮೆತ್ತನೆಯ ಕೂದಲಿತ್ತು. "ಹೆಸರು ಏನ್ ಇಟ್ಟೀರಿ?" ಎಂದು ಮೌಲಾನಾ ಕೇಳಿದರು. ಅವಳು ಇನ್ನೂ ಹೆಸರಿಲ್ಲದೆ ಮಲಗಿದ್ದಾಳೆ. ಏನೆಂದು ಕರೆಯಬೇಕೋ ನೀನು ಹೇಳು. ನಾನು ಹೋಗಿ ಅವಳಿಗೆ ಹೇಳಿ ಬರುತ್ತೇನೆ.