ಶೋಕೇಸಿನ ಮೇಲಿನ ಹಸಿರು ಚುಕ್ಕೆ

ಅಪ್ಪಾಜಿ,

ಕಾಗದ ಶುರು ಮಾಡುವಾಗ ಮೊದಲು ‘ನಾವೆಲ್ಲ ಕ್ಷೇಮ’ ಎಂದು ಬರೆಯಬೇಕು ಅಂತ ಕೈ ಹಿಡಿದು ಕಲಿಸಿದವರು ನೀವೇ. ಇವತ್ತು ಆ ಸಾಲು ಬರೆಯಲು ಕೈ ಏಳುತ್ತಿಲ್ಲ. ಕ್ಷೇಮವೇ ಇರಬಹುದು. ಆದರೆ ನನಗೆ ಹೆದರಿಕೆ, ಅಪ್ಪಾಜಿ. ಬೆಳಿಗ್ಗೆ ಜನ್ನಾಪುರದಲ್ಲಿ ಬಸ್ಸು ಹತ್ತುವಾಗಲೇ ಶುರುವಾಗುತ್ತದೆ. ಶಿವಮೊಗ್ಗದಲ್ಲಿ ಇಳಿದು, ಗಾಂಧಿ ಬಜಾರಿನ ಅಂಗಡಿಯಲ್ಲಿ ಕೂತು, ಯಾರದೋ ಬಿಲ್ಲಿಂಗ್ ಮೆಷಿನ್ ಬಿಚ್ಚಿಕೊಂಡರೂ ಹೋಗುವುದಿಲ್ಲ. ಸಂಜೆ ಗೇಟು ತೆಗೆದು “ಅಮ್ಮಾ” ಅಂದಾಗ ಒಳಗಿಂದ ಉತ್ತರ ಬರಬೇಕು, ಆಗಲೇ ಅದು ಇಳಿಯುವುದು. ಜೀವಮಾನವಿಡೀ ಫ್ಯಾಕ್ಟರಿಯಲ್ಲಿ ಹೈ ವೋಲ್ಟೇಜ್ ಜೊತೆ ಕೆಲಸ ಮಾಡಿದ ಎಲೆಕ್ಟ್ರಿಷಿಯನ್ನಿನ ಮಗಳು ಇಂಥ ಪುಕ್ಕಲಿ ಆದಳಲ್ಲ ಅಂತ ನೀವು ನಗಬಹುದು. ನಗಿ, ಪರವಾಗಿಲ್ಲ.

ನೀವು ಹೋದ ಮೇಲಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಪಕ್ಕದ ಮನೆ ಸೆಲ್ವಿ ಅಕ್ಕ ಹಪ್ಪಳ ಕೊಡಲು ಬಂದಿದ್ದಳು. ಅಮ್ಮ ಅವಳನ್ನು ಆದರದಿಂದ ಕೂರಿಸಿ, ನೀರು ಕೊಟ್ಟು, “ಯಾವೂರಾಯ್ತಮ್ಮ ನಿಮ್ದು?” ಎಂದು ಕೇಳಿದಳು. ನಾನು ಹುಟ್ಟುವ ಮೊದಲಿನಿಂದ ಆ ಕಾಂಪೌಂಡಿನಾಚೆ ಬಟ್ಟೆ ಹೊಲಿಯುತ್ತಾ ಇರುವವಳನ್ನು! ಸೆಲ್ವಿ ಅಕ್ಕ “ಗೋಡೆ ಆಚೆ ಊರು ಕಣಕ್ಕಾ, ಬಸ್ಸೇ ಬೇಡ” ಅಂತ ನಕ್ಕುಬಿಟ್ಟಳು. ಆಮೇಲೆ ನಮ್ಮ ಹಿತ್ತಲಲ್ಲಿ ನಿಂತು ಸೆರಗಲ್ಲಿ ಕಣ್ಣು ಒರೆಸಿಕೊಂಡಳು. ಡಾಕ್ಟರು ಇದು ಮರೆವಿನ ಕಾಯಿಲೆ, ನಿಧಾನಕ್ಕೆ ಹೆಚ್ಚುತ್ತದೆ ಎಂದರು. ಮನೆ ಬಿಟ್ಟು ನಡೆದುಬಿಡುತ್ತಾರೆ, ಹುಷಾರು ಎಂದೂ ಹೇಳಿದರು. ನನಗೆ ತಕ್ಷಣ ಕಣ್ಣ ಮುಂದೆ ಬಂದದ್ದು ಚಾನಲ್. ನಮ್ಮ ಬೀದಿ ಮುಗಿದ ಕೂಡಲೇ ಸಿಗುವ, ಬೇಸಿಗೆಯಲ್ಲೂ ಅಂಚಿನವರೆಗೆ ನೀರು ತುಂಬಿ ಓಡುವ ಆ ನೀರಾವರಿ ಚಾನಲ್. ಅದರ ದಡದಲ್ಲಿ ಓಡಬೇಡ ಅಂತ ನೀವು ನನಗೆಷ್ಟು ಬೈದಿಲ್ಲ?

ಅಂಗಡಿಯ ಮಾಲೀಕರು ಇಮ್ತಿಯಾಜ್ ಭಾಯಿ ಅಂಗೈಯಗಲದ ಒಂದು ಕಂಪ್ಯೂಟರ್ ತಂದು ನನ್ನ ಮುಂದಿಟ್ಟ ದಿನ ನಿಮ್ಮ ನೆನಪಾಯಿತು. ಒಂದೇ ಹಸಿರು ಬೋರ್ಡು, ಅದರ ಮೇಲೆಯೇ ಎಲ್ಲ. ಮೊಬೈಲಿನೊಳಗೆ ಇರುವಂಥ ಚಿಪ್ಪು. ಜೀರೋ ಬಲ್ಬಿನಷ್ಟೂ ಕರೆಂಟು ತಿನ್ನುವುದಿಲ್ಲ. ಇದನ್ನು ನೋಡಿದ್ದರೆ ನೀವು ಕನ್ನಡಕ ಹಣೆಗೇರಿಸಿ, “ಇದು ಕಂಪ್ಯೂಟರ್ರಾ? ಬಿಸ್ಕತ್ತಾ?” ಅನ್ನುತ್ತಿದ್ದಿರಿ. ಅಂಗಡಿಗೆ ಹಾಕುವ ಕ್ಯಾಮೆರಾ ಒಳಗೆ ಬರುವ ಕಳ್ಳರನ್ನು ಕಾಯುತ್ತದೆ. ನನಗೆ ಬೇಕಿದ್ದದ್ದು ಹೊರಗೆ ಹೋಗುವವಳನ್ನು ಕಾಯುವ ವಸ್ತು. ಮುಂಬಾಗಿಲಿಗೆ ಅಯಸ್ಕಾಂತದ ಸಣ್ಣ ತುಂಡು ಅಂಟಿಸಿದೆ. ಬಾಗಿಲು ತೆರೆದರೆ ಬೋರ್ಡಿಗೆ ಗೊತ್ತಾಗುತ್ತದೆ, ಅದು ತನಗೆ ಜೋಡಿಸಿದ ಪುಟ್ಟ ಕ್ಯಾಮೆರಾದಲ್ಲಿ ಒಂದು ಫೋಟೋ ಹಿಡಿದು ಇಂಟರ್‌ನೆಟ್ಟಿನ ಡಬ್ಬಿಯ ಮೂಲಕ ನನಗೂ ಸೆಲ್ವಿ ಅಕ್ಕನಿಗೂ ಕಳಿಸುತ್ತದೆ. ಮನೆಯಲ್ಲಿ ವೈರು ಕಂಡರೆ ಅಮ್ಮ ಕಿತ್ತುಹಾಕುತ್ತಾಳೆ. ಅದಕ್ಕೆ ಬೋರ್ಡನ್ನೂ ಇಂಟರ್‌ನೆಟ್ ಡಬ್ಬಿಯನ್ನೂ ಅವಳು ಕೈ ಹಾಕದ ಒಂದೇ ಜಾಗದಲ್ಲಿ ಇಟ್ಟೆ. ಶೋಕೇಸಿನ ಮೇಲೆ, ವಿಭೂತಿ ಹಚ್ಚಿದ ನಿಮ್ಮ ಫೋಟೋದ ಹಿಂದೆ, ಕ್ಯಾಮೆರಾದ ಕಣ್ಣು ಮಾತ್ರ ಬಾಗಿಲ ಕಡೆ ಇಣುಕುವಂತೆ. ಫೋಟೋದ ಮುಂದಿನ ಪುಟ್ಟ ದೀಪಕ್ಕೆ ಇದ್ದ ಸ್ವಿಚ್‌ಬೋರ್ಡಿನಿಂದಲೇ ಕರೆಂಟು.

ಮೊದಲ ಸಲ ಅವಳು ಹೋದದ್ದು ಒಂದು ಮಂಗಳವಾರದ ಸಂತೆ ಹೊತ್ತಿನಲ್ಲಿ. ನನ್ನ ಫೋನು ತೆಪ್ಪಗಿತ್ತು. ಸೆಲ್ವಿ ಅಕ್ಕನ ಫೋನೂ ತೆಪ್ಪಗಿತ್ತು. ಸೊಪ್ಪು ತರಲು ಹೊರಟಿದ್ದ ಸೆಲ್ವಿ ಅಕ್ಕನಿಗೆ ಚಾನಲ್ ಸೇತುವೆಯ ಮೇಲೆ ಅಮ್ಮ ಕಂಡಳಂತೆ, ಕಂಬಿಗೆ ಒರಗಿ ನೀರನ್ನೇ ನೋಡುತ್ತಾ. “ರೇಖಾ, ಅಮ್ಮ ಸಿಕ್ಕಿದ್ರು, ನೀನು ಹೆದರ್ಬೇಡಮ್ಮಾ” ಎಂದು ಅವಳು ಫೋನಲ್ಲಿ ಹೇಳಿದಾಗ, ಅಮ್ಮ ಕಳೆದುಹೋದದ್ದೇ ನನಗೆ ಗೊತ್ತಿರಲಿಲ್ಲ. ಸಿಕ್ಕಿದ ಸುದ್ದಿ ಕೇಳಿ ಹೆದರಿದ್ದು ಅದೇ ಮೊದಲು. ಆ ಸೇತುವೆಯ ಕಂಬಿ ಎಷ್ಟು ಗಿಡ್ಡ ಅಂತ ನಿಮಗೆ ಗೊತ್ತಲ್ಲ...

ಅವತ್ತು ಸಂಜೆ ಶೋಕೇಸಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಾಗ, ಪಕ್ಕದಲ್ಲಿ ನೀವು ಟೆಸ್ಟರ್ ಹಿಡಿದು ನಿಂತಿದ್ದೀರಿ ಅಂದುಕೊಂಡೇ ಕೆಲಸ ಶುರು ಮಾಡಿದೆ. ಬೋರ್ಡಿಗೆ ಮಾನಿಟರ್ ಪರದೆ ಜೋಡಿಸಿದರೆ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು: ನನಗೆ ವೋಲ್ಟೇಜ್ ಸಾಲುತ್ತಿಲ್ಲ ಅಂತ ಅದು ಹೇಳುವ ರೀತಿ. ಸಿಕ್ಕಿತು ಕಳ್ಳ ಅಂದುಕೊಂಡೆ. ಹಳೆಯ ಮೊಬೈಲಿನ ಚಾರ್ಜರ್ ಹಾಕಿದ್ದೆ, ಅದರ ವೈರು ತೆಳು, ಉದ್ದ ಬೇರೆ. ಸುಮ್ಮನಿರುವಾಗ ಸಾಲುತ್ತಿತ್ತು, ಕ್ಯಾಮೆರಾ ಕಣ್ಣು ಬಿಟ್ಟು ಫೋಟೋ ಕಳಿಸಲು ಹೊರಟರೆ ವೋಲ್ಟೇಜ್ ಬಿದ್ದು, ಬೋರ್ಡು ಮೂರ್ಛೆ ಹೋಗಿ ಮತ್ತೆ ಮೊದಲಿನಿಂದ ಎದ್ದೇಳುತ್ತಿತ್ತು. “ಲೋಡ್ ಹಾಕ್ದಾಗ್ಲೇ ಲೈನಿನ ಬಂಡವಾಳ ಗೊತ್ತಾಗೋದು” ಅನ್ನುತ್ತಿದ್ದಿರಲ್ಲ? ದಪ್ಪ, ಗಿಡ್ಡ ವೈರಿನ ಒಳ್ಳೆಯ ಅಡಾಪ್ಟರ್ ಹಾಕಿದೆ. ಅದಕ್ಕೆ ಬೇಡದ ಖರ್ಚನ್ನೆಲ್ಲ ಕಡಿದೆ. ಪರದೆಗೆ ಹೋಗುವ ಸಿಗ್ನಲ್ ಬಂದ್, ಬ್ಲೂಟೂತ್ ಬಂದ್, ಚಿಪ್ಪಿನ ಓಟ ಅರ್ಧಕ್ಕೆ ಇಳಿಸಿದೆ, ಕ್ಯಾಮೆರಾ ಬಾಗಿಲು ಅಲುಗಿದಾಗ ಮಾತ್ರ. ಒಂದು ಹಸಿರು ಚುಕ್ಕೆ ದೀಪವನ್ನು ಮಾತ್ರ ಉಳಿಸಿದೆ. ಅದು ನಿಮ್ಮ ಫೋಟೋದ ಹಿಂದಿನಿಂದ ಮಿಣಮಿಣ ಅಂದರೆ ಏನೋ ಒಂದು ಧೈರ್ಯ. ಹಳದಿ ಮಿಂಚು ಹೋಯಿತು. ವಾರಗಟ್ಟಲೆ ಬೋರ್ಡು ಮೂರ್ಛೆ ಹೋಗಲಿಲ್ಲ.

ಎರಡನೇ ಸಲ ಅವಳನ್ನು ಕರೆತಂದವರು ಚಾನಲ್ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು. ಆಗಲೂ ನನಗೆ ಸುದ್ದಿಯಿಲ್ಲ! ನಾನು ಅಂಗಡಿಯಲ್ಲಿ ಗಿರಾಕಿಯ ಮುಂದೆಯೇ ಅತ್ತುಬಿಟ್ಟೆ. ಇಮ್ತಿಯಾಜ್ ಭಾಯಿ ಒಂದು ಪವರ್ ಬ್ಯಾಂಕ್ ಕೈಗಿಟ್ಟು, “ಅರೇ ಬೇಟಿ, ಕರೆಂಟ್ ಹೋದ್ರೂ ಇದು ಸಾಯಲ್ಲ, ಬೇಫಿಕರ್ ಇರು” ಎಂದರು. ಹಾಕಿದೆ. ಹಾಗೆ ನಿಶ್ಚಿಂತೆಯಿಂದ, ಬೇಫಿಕರ್ ಆಗಿ ಇದ್ದದ್ದು ಮುಂದಿನ ಸಲದ ತನಕ. ಆ ಸಲ ಬೋರ್ಡು ಸಾಯಲಿಲ್ಲ. ಬಾಗಿಲು ತೆರೆದದ್ದು ಅದಕ್ಕೆ ಗೊತ್ತಾಗಿತ್ತು, ಫೋಟೋ ಹಿಡಿದಿತ್ತು, ನನಗೆ ಕಳಿಸಲು ಮತ್ತೆ ಮತ್ತೆ ಪ್ರಯತ್ನ ಮಾಡಿತ್ತು. ಆದರೆ ಇಂಟರ್‌ನೆಟ್ ಡಬ್ಬಿ ಸತ್ತಿತ್ತು. ಫೋಟೋದಲ್ಲಿ ಅಮ್ಮ ಚಪ್ಪಲಿ ಮೆಟ್ಟುತ್ತಿದ್ದಾಳೆ, ತಲೆ ಬಾಚಿ, ನೀಟಾಗಿ ಸೀರೆ ಉಟ್ಟು. ಮನೆಯೊಳಗೆ ಅದೊಂದು ಕೂಗಿಕೊಳ್ಳುತ್ತಲೇ ಇತ್ತು, ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

“ಆ ಹೊತ್ತಲ್ಲಿ ಕರೆಂಟ್ ಹೋಗಿತ್ತಾ ಅಕ್ಕ?” ಎಂದು ನಾನು ಕೇಳಿದ್ದಕ್ಕೆ ಸೆಲ್ವಿ ಅಕ್ಕ ಹೊಲಿಗೆ ನಿಲ್ಲಿಸಿ, “ಇಲ್ಲಮ್ಮಾ, ನನ್ನ ಮೆಷಿನ್ ಮೋಟರ್ ಓಡ್ತಾನೇ ಇತ್ತಲ್ಲ” ಎಂದಳು. ಆಗ ನನ್ನ ಹೆದರಿಕೆ ಬೇರೆ ಬಣ್ಣಕ್ಕೆ ತಿರುಗಿತು. ಬೀದಿಗೆಲ್ಲ ಕರೆಂಟಿದೆ, ನಮ್ಮ ಮನೆಗೆ ಮಾತ್ರ ಇಲ್ಲ, ಅದೂ ಅಮ್ಮ ಹೊರಡುವ ಹೊತ್ತಿಗೇ ಸರಿಯಾಗಿ? ನಗಬೇಡಿ. ಶೋಕೇಸಿನ ಮುಂದೆ ನಿಂತು ನಿಮ್ಮ ಫೋಟೋ ನೋಡುತ್ತಾ, ಇದೇನು ಅಪ್ಪಾಜಿ, ಅವಳನ್ನು ನೀವೇ ಕರೆಯುತ್ತಿದ್ದೀರಾ ಎಂದು ಒಂದು ಗಳಿಗೆ...

ಭಾನುವಾರ ನಾನು ಅಂಗಡಿಗೆ ಹೋಗುವವಳಂತೆ ಬ್ಯಾಗು ಹಾಕಿಕೊಂಡು, “ಬರ್ತೀನಮ್ಮ” ಎಂದು ಮುಂಬಾಗಿಲಿನಿಂದ ಹೊರಟು, ಹಿತ್ತಲಿನಿಂದ ಬಂದು ರೂಮಿನ ಪರದೆಯ ಹಿಂದೆ ಕೂತೆ. ಊಟವಾಯಿತು, ಅಮ್ಮ ಒಂದು ನಿದ್ದೆ ತೆಗೆದಳು. ಬಿಸಿಲು ಅಂಗಳ ದಾಟುವ ಹೊತ್ತಿಗೆ ಎದ್ದು ಮುಖ ತೊಳೆದು ವಿಭೂತಿ ಇಟ್ಟುಕೊಂಡಳು. ಚಪ್ಪಲಿ ಹುಡುಕಿದಳು. ಆಮೇಲೆ ಮನೆಯನ್ನೊಂದು ಸುತ್ತು ಬಂದಳು. ಫ್ಯಾನು, ಟಕ್. ಅಡಿಗೆಮನೆಯ ಲೈಟು, ಟಕ್. ಟಿವಿ, ಟಕ್. ಕೊನೆಗೆ ಶೋಕೇಸಿನ ಮುಂದೆ ನಿಂತು ನಿಮ್ಮ ದೀಪದ ಸ್ವಿಚ್ಚು, ಅದರ ಪಕ್ಕದ್ದು, ಅದರ ಪಕ್ಕದ್ದು. ನಿಮ್ಮ ಫೋಟೋ ಕತ್ತಲಾಯಿತು. ಇಂಟರ್‌ನೆಟ್ ಡಬ್ಬಿಯ ದೀಪ ಹೋಯಿತು. ಬಾಗಿಲು ತೆಗೆದಳು.

ಹೊರಗೆ ಕಾಲಿಡುವಾಗ ಒಂದೂ ಸ್ವಿಚ್ಚು ಆನ್ ಇರಬಾರದು ಅಂತ ನೀವು ಮಾಡಿದ್ದ ಕಾನೂನು ನಾನು ಹೇಗೆ ಮರೆತೆ? ಮದುವೆಗೆ ಹೊರಟರೂ, ಯಾರದೋ ಮಣ್ಣಿಗೆ ಹೊರಟರೂ ಆಟೋದವನನ್ನು ಕಾಯಿಸಿ ಮನೆ ಸುತ್ತಿ ಬರುತ್ತಿದ್ದಿರಿ. ಫ್ಯಾಕ್ಟರಿಯಲ್ಲಿ ಯಾರೋ ಮರೆತ ಒಂದು ಸ್ವಿಚ್ಚಿನಿಂದ ನಿಮ್ಮ ಜೊತೆಯವರೊಬ್ಬರು ಹೋದ ಮೇಲೆ ಶುರುವಾದದ್ದು ಅದು. ಅಮ್ಮನಿಗೆ ಸೆಲ್ವಿ ಅಕ್ಕ ಮರೆತುಹೋಗಿದ್ದಾಳೆ, ಊಟ ಮಾಡಿದ್ದು ಮರೆಯುತ್ತದೆ. ನಿಮ್ಮ ಮಾತು ಮರೆತಿಲ್ಲ. ನಾನು ಪರದೆ ಸರಿಸಿ ಓಡಿಹೋಗಿ ಕೈ ಹಿಡಿದು, “ಎಲ್ಲಿಗಮ್ಮ?” ಎಂದೆ. ಅವಳು ನನ್ನ ಮುಖ ನೋಡಿದಳು, ಯಾರೋ ಪರಿಚಯದವರಿರಬೇಕು ಅನ್ನುವ ಹಾಗೆ. “ರೇಖಾಗೆ ಸ್ಕೂಲ್ ಬಿಡೋ ಹೊತ್ತು ಕಣಮ್ಮ. ಚಾನಲ್ ದಾಟ್ಬೇಕಲ್ಲ, ಒಬ್ಳೇ ಹೆದರ್ಕೊತಾಳೆ” ಎಂದಳು.

ಅವಳಿಗೂ ಚಾನಲ್ಲಿನದ್ದೇ ಹೆದರಿಕೆ, ಅಪ್ಪಾಜಿ. ನನಗೆ ಅವಳು ಬಿದ್ದಾಳೆಂದು, ಅವಳಿಗೆ ನಾನು ಬಿದ್ದೇನೆಂದು. ಇದನ್ನು ಯಾರಿಗೆ ಹೇಳಿಕೊಳ್ಳಲಿ?

ಸ್ವಿಚ್ಚುಗಳ ಮೇಲೆ ಟೇಪು ಸುತ್ತಿದ್ದು ಮರುದಿನ ಬೆಳಿಗ್ಗೆ. ಅದು ಎಂಥ ದಡ್ಡತನ ಎಂದು ಸಂಜೆಗೆ ಗೊತ್ತಾಯಿತು. ಸೆಲ್ವಿ ಅಕ್ಕ ಬಾಗಿಲು ಬಡಿದು ಒಳಗೆ ಬಂದಾಗ ಅಮ್ಮ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಮೇನ್ ಸ್ವಿಚ್ಚಿಗೆ ಕೈ ಚಾಚುತ್ತಿದ್ದಳಂತೆ, ಮೈಯೆಲ್ಲ ಬೆವರು. “ಆಫ್ ಆಗ್ತಿಲ್ಲ, ಅವರು ಬಂದ್ರೆ ಬೈತಾರೆ” ಎಂದು ಮಗುವಿನ ಹಾಗೆ ಅಳುತ್ತಿದ್ದಳಂತೆ. ಸೆಲ್ವಿ ಅಕ್ಕ ನನಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಅರ್ಧ ತಮಿಳು, ಅರ್ಧ ಕನ್ನಡ, ಪೂರ್ತಿ ನ್ಯಾಯ. ಬೀಗ ಹಾಕಿಕೊಂಡು ಹೋಗು ಅಂದವರೂ ಇದ್ದಾರೆ. ಸ್ವಿಚ್ಚು ಆರದಿದ್ದಕ್ಕೇ ಸ್ಟೂಲು ಹತ್ತಿದವಳು ಬಾಗಿಲು ತೆರೆಯದಿದ್ದರೆ ಏನು ಮಾಡಿಯಾಳು?

ಟೇಪು ಕೀಳುತ್ತಾ ಇದ್ದಾಗಲೇ ಹೊಳೆದದ್ದು. ಅವಳು ಸ್ವಿಚ್ಚು ಆರಿಸಿದರೆ ಬೋರ್ಡು ಸುಮ್ಮನಾಗುತ್ತದೆ. ಆಗಲಿ. ಸುಮ್ಮನಾಗುವುದೇ ಸುದ್ದಿಯಾಗಲಿ! ಈಗ ಅದು ನಿಮಿಷಕ್ಕೊಮ್ಮೆ ಅಂಗಡಿಯಲ್ಲಿರುವ ಅದರ ತಂಗಿಗೆ, ಅಂಥದೇ ಇನ್ನೊಂದು ಬೋರ್ಡಿಗೆ, ‘ಇದ್ದೀನಿ’ ಎಂದು ಹೇಳುತ್ತದೆ. ಆ ಮಾತು ನಿಂತರೆ ತಂಗಿ ನಮ್ಮಿಬ್ಬರ ಫೋನು ಬಡಿಯುತ್ತದೆ. ಪವರ್ ಬ್ಯಾಂಕ್ ತೆಗೆದುಹಾಕಿದೆ. ಹೀಗೆ ದಿಢೀರನೆ ಕರೆಂಟು ಕಿತ್ತರೆ ಬೋರ್ಡಿನ ಮೆಮೊರಿ ಕಾರ್ಡು ಕೆಡುತ್ತದೆ. ಅದಕ್ಕೆ ಕಾರ್ಡಿನ ಮೇಲೆ ಏನನ್ನೂ ಬರೆಯದಂತೆ, ಓದುವುದಕ್ಕೆ ಮಾತ್ರ ಬಿಟ್ಟಿದ್ದೇನೆ. ಅಮ್ಮ ಎಷ್ಟು ಸಲ ಆರಿಸಿದರೂ ಅದಕ್ಕೀಗ ನೋವಿಲ್ಲ. ದಪ್ಪ ವೈರು, ಖರ್ಚು ಕಡಿದದ್ದು ಯಾವುದೂ ದಂಡವಾಗಲಿಲ್ಲ. ಮಿಕ್ಕ ಹೊತ್ತಿನಲ್ಲಿ ಮಾತು ತಪ್ಪದ ಬೋರ್ಡು ಸುಮ್ಮನಾದರೆ ತಾನೇ ನಾವು ನಂಬುವುದು? ಬೀದಿಗೆಲ್ಲ ಕರೆಂಟು ಹೋದಾಗಲೂ ಫೋನು ಹೊಡೆದುಕೊಳ್ಳುತ್ತದೆ, ಸೆಲ್ವಿ ಅಕ್ಕ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಓಡಿ ಬರುತ್ತಾಳೆ. “ನಿಮ್ಮಮ್ಮನಿಂದ ನನ್ನ ಸಕ್ಕರೆ ಕಾಯಿಲೆ ಇಳೀತು, ಮಾರಾಯ್ತಿ” ಅನ್ನುತ್ತಾಳೆ.

ನಿನ್ನೆ ನಾನು ಬೇಗ ಕೆಲಸ ಮುಗಿಸಿ ಊರ ಕಡೆಯ ಭದ್ರಾವತಿ ಬಸ್ಸಿನಲ್ಲಿ ನಿಂತಿದ್ದೆ. ಫೋನು ಬಡಿದುಕೊಂಡಿತು. ಸೆಲ್ವಿ ಅಕ್ಕನಿಗೆ ಫೋನ್ ಮಾಡಿದರೆ, ಅವಳು ಆಗಲೇ ಗೇಟಿನಲ್ಲೇ ಅಮ್ಮನ ಕೈ ಹಿಡಿದಿದ್ದಳು. “ತಡೀಬೇಡ ಅಕ್ಕ, ಜೊತೇಲಿ ನಡ್ಕೊಂಡು ಬಾ” ಎಂದೆ. ಸೇತುವೆಯ ಹತ್ತಿರ ಇಳಿದು ಕಂಬಿಗೂ ಅವಳಿಗೂ ನಡುವೆ ನಿಂತೆ. ಕೆಳಗೆ ನೀರು ಭೋರೆನ್ನುತ್ತಿತ್ತು. ಅಮ್ಮ ನನ್ನನ್ನು ನೋಡಿ, “ನಮ್ಮ ರೇಖಾನ ನೋಡಿದ್ರಾ? ಎರಡು ಜಡೆ, ನೀಲಿ ಲಂಗ” ಎಂದಳು. ಏನು ಹೇಳಲಿ? ನಾನೇ ಅಂದರೆ ನಂಬುತ್ತಾಳಾ? ಬಾಯಿಗೆ ಬಂದದ್ದು ನೀವು. “ನೋಡ್ದೆ ಅಮ್ಮ. ಅವಳ ಅಪ್ಪಾಜಿ ಬಂದಿದ್ರು. ಸೈಕಲ್ ಮೇಲೆ ಕೂರಿಸ್ಕೊಂಡು ಮನೆಗೆ ಕರ್ಕೊಂಡ್ಹೋದ್ರು” ಎಂದೆ.

ಅವಳ ಮುಖ ಸಡಿಲವಾದದ್ದನ್ನು ನೀವು ನೋಡಬೇಕಿತ್ತು. “ಅವರು ಬಂದ್ರಾ? ಮತ್ತೆ ಮನೆ ಕತ್ತಲಾಗಿದೆಯಲ್ಲ, ಲೈಟ್ ಹಾಕ್ಬೇಕು” ಎಂದು ತಿರುಗಿ, ಚಾನಲ್ಲಿನ ಕಡೆ ಮತ್ತೆ ನೋಡದೆ, ನಮ್ಮಿಬ್ಬರಿಗಿಂತ ಮುಂದೆ ನಡೆದಳು. ಮನೆಗೆ ಹೋದವಳೇ ಒಂದೊಂದೇ ಸ್ವಿಚ್ಚು ಹಾಕಿದಳು. ನಿಮ್ಮ ದೀಪ ಹತ್ತಿತು. ಫೋಟೋದ ಹಿಂದೆ ಹಸಿರು ಚುಕ್ಕೆ ಮಿಣುಕಿತು. ಸ್ವಲ್ಪ ಹೊತ್ತಿಗೆ ಅಂಗಡಿಯ ತಂಗಿ ದಾಟಿಸಿದ ಒಂದೇ ಮಾತು ನನ್ನ ಫೋನಿಗೆ ಬಂತು: ‘ಇದ್ದೀನಿ’.

ನನ್ನ ಹೆದರಿಕೆ ಹೋಗಿಲ್ಲ. ನಾಳೆ ಬಸ್ಸು ತಡವಾದರೆ? ಸೆಲ್ವಿ ಅಕ್ಕ ಮದುವೆಗೆ ಹೋಗಿದ್ದರೆ? ಅವಳು ಬೇರೆ ದಾರಿ ಹಿಡಿದರೆ? ಆದರೆ ಸ್ವಿಚ್ಚು ಆರಿಸಬೇಡ ಎಂದು ಅವಳಿಗೆ ಇನ್ನು ಯಾವತ್ತೂ ಹೇಳುವುದಿಲ್ಲ, ಇದು ನಿಮ್ಮ ಮೇಲಾಣೆ. ನೀವೂ ಒಂದು ಮಾತು ನಡೆಸಿಕೊಡಿ, ಅಪ್ಪಾಜಿ. ಅಮ್ಮ ಕೇಳಿದಾಗಲೆಲ್ಲ ನಾನು ಅದೇ ಸುಳ್ಳು ಹೇಳಬೇಕು. ದಿನಾ ಸಂಜೆ ಸ್ವಲ್ಪ ಬೇಗ ಬಂದು, ನನ್ನನ್ನು ಸ್ಕೂಲಿನಿಂದ ಕರೆದುಕೊಂಡು ಹೋಗುತ್ತಿರಿ.

ನಿಮ್ಮ
ರೇಖಾ