ತೋಳಪಟ್ಟಿಯ ಅಂಟು ಮತ್ತು ನನ್ನ ಆರೋಗ್ಯ ಸೆಸ್ಸು

ನನ್ನ ತೆರಿಗೆಯ ಮೇಲೆ ನೂರಕ್ಕೆ ನಾಲ್ಕರಂತೆ ಇನ್ನೊಂದು ತೆರಿಗೆ ಹಿಡಿದುಕೊಳ್ಳುವ ಮಾನ್ಯರೇ,

ನಮ್ಮೂರಿನ ಆರೋಗ್ಯ ಉಪಕೇಂದ್ರದಲ್ಲಿ ಬಿ.ಪಿ. ನೋಡುವ ಯಂತ್ರದ ತೋಳಪಟ್ಟಿಗೆ ಅಂಟಿಲ್ಲ. ಪಟ್ಟೆಂದು ಅಂಟಿಸಿ ಚರ್ರೆಂದು ಬಿಡಿಸುವ ಆ ಜಾಗ ಸವೆದು ನನ್ನ ತಲೆಯಂತೆ ನುಣ್ಣಗಾಗಿದೆ. ತಾವು ವರ್ಷ ವರ್ಷವೂ ‘ಆರೋಗ್ಯ ಮತ್ತು ಶಿಕ್ಷಣ ಸೆಸ್ಸು’ ಎಂದು ನನ್ನಿಂದ ವಸೂಲು ಮಾಡುತ್ತೀರಿ. ವಿತ್ ಡ್ಯೂ ರೆಸ್ಪೆಕ್ಟ್ ಕೇಳುತ್ತೇನೆ: ಅಷ್ಟು ದುಡ್ಡಿನಲ್ಲಿ ಎರಡು ಬೆರಳಗಲದ ಅಂಟು ಬರುವುದಿಲ್ಲವೇ?

ನಾನು ನೀರಾವರಿ ಇಲಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು ನಿವೃತ್ತನಾದವನು. ಮಂಡ್ಯದಲ್ಲಿ ಬಿ.ಎ. ಓದಿದೆ. ಇಂಗ್ಲಿಷ್ ಪೇಪರು ನನ್ನನ್ನು ಕಳಿಸಿಕೊಡಲು ಮನಸ್ಸಾಗದೆ ಎರಡು ಸಲ ಹಿಡಿದಿಟ್ಟುಕೊಂಡಿತು. ಅಲ್ಲಿ ಕಲಿತದ್ದರಲ್ಲಿ ರಜಾ ಅರ್ಜಿಯ ಇಂಗ್ಲಿಷ್ ಒಂದು ಇನ್ನೂ ನೆನಪಿದೆ, ‘ಐ ಬೆಗ್ ಟು ಸ್ಟೇಟ್ ದಟ್ ಐ ಆ್ಯಮ್ ಸಫರಿಂಗ್ ಫ್ರಮ್’ ಎನ್ನುವವರೆಗೆ. ಮುಂದಿನದನ್ನು ಕಾಯಿಲೆ ನೋಡಿಕೊಂಡು ತುಂಬಿಸುತ್ತಿದ್ದೆವು. ಇರಲಿ. ನನ್ನ ಪಿಂಚಣಿಯ ಜೊತೆಗೆ, ತೀರಿಕೊಂಡ ನನ್ನ ಹೆಂಡತಿ ನಾಗರತ್ನಳ ಕುಟುಂಬ ಪಿಂಚಣಿಯೂ ಬರುತ್ತದೆ. ಅವಳು ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿದ್ದಳು. ಎರಡೂ ಸೇರಿ, ಠೇವಣಿಯ ಬಡ್ಡಿಯೂ ಸೇರಿ, ನಾನು ತೆರಿಗೆ ಕಟ್ಟುವಷ್ಟು ದೊಡ್ಡ ಮನುಷ್ಯನಾಗಿದ್ದೇನೆ. ಸೆಸ್ಸಿನಲ್ಲಿ ಶಿಕ್ಷಣದ ಪಾಲು ಏನಾಯಿತೆಂದು ನಾನು ಕೇಳುವುದಿಲ್ಲ. ಅದು ಅವಳ ವಿಷಯ. ಬದುಕಿದ್ದರೆ ಅವಳೇ ಬಂದು ತಮ್ಮನ್ನು ಬೆಂಚಿನ ಮೇಲೆ ನಿಲ್ಲಿಸಿ ಕೇಳುತ್ತಿದ್ದಳು. ಆರೋಗ್ಯದ ಪಾಲು ಮಾತ್ರ ನನ್ನದು.

ಅಂಟಿಲ್ಲದಿದ್ದರೆ ಕೈಯಲ್ಲಿ ಹಿಡಿದುಕೊಳ್ಳಿ ಎನ್ನುತ್ತೀರಾ? ನಡೆಯುತ್ತಿರುವುದೇ ಅದು ಸ್ವಾಮಿ! ಸಿಸ್ಟರ್ ರಂಜಿತ ಒಂದು ಕೈಯಲ್ಲಿ ರಬ್ಬರ್ ಉಂಡೆ ಹಿಸುಕಬೇಕು, ಇನ್ನೊಂದರಲ್ಲಿ ಸ್ಟೆತಸ್ಕೋಪು ಒತ್ತಿ ಹಿಡಿಯಬೇಕು. ಮೂರನೆಯ ಕೈ ಆಕೆಗೆ ಮಂಜೂರಾಗಿಲ್ಲ. ಆದ್ದರಿಂದ ಆಕೆ ಒಂದು ನಿಯಮ ಮಾಡಿದ್ದಾರೆ: ಸಾಲಿನಲ್ಲಿ ಮುಂದಿರುವವರ ಪಟ್ಟಿಯನ್ನು ಹಿಂದಿರುವವರು ಹಿಡಿಯತಕ್ಕದ್ದು. ಸೋಮವಾರ ಬಿ.ಪಿ. ನೋಡುವ ದಿನ. ನನ್ನ ಮುಂದೆ ಪಕ್ಕದ ಮನೆಯ ಸಣ್ಣತಾಯಮ್ಮ, ಆಕೆಯೂ ಗಂಡನನ್ನು ಕಳೆದುಕೊಂಡವರು. ನನ್ನ ಹಿಂದೆ ನನ್ನ ಬಾಲ್ಯದ ಗೆಳೆಯ ಕೆಂಪಯ್ಯ. ನಾಲೆಯ ತೂಬು ತೆರೆದು ಮುಚ್ಚುವ ನೀರುಗಂಟಿಯಾಗಿ ಸವೆದ ಕೈ ಅವನದು. ಅವನು ತೋಳು ಹಿಡಿದರೆ ನನ್ನ ಬೆರಳುಗಳೆಲ್ಲ ನೀಲಿಯಾಗುತ್ತವೆ. ಸಿಸ್ಟರ್ ನೋಡಿದರು, “ಕೆಂಪಯ್ಯ, ನೀವ್ ಬುಟ್ಬುಡಿ. ಸಣ್ಣತಾಯಮ್ಮಾರೆ, ಇವರದನ್ನ ನೀವೇ ಇಡ್ಕಳಿ” ಎಂದು ತೀರ್ಪು ಕೊಟ್ಟರು. ಹೀಗೆ ವಾರವಾರವೂ ಊರೆದುರಿಗೆ ನಾನು ಆಕೆಯ ತೋಳು ಹಿಡಿಯುವುದು, ಆಕೆ ನನ್ನದು ಹಿಡಿಯುವುದು.

ಊರು ಸುಮ್ಮನಿರುತ್ತದೆಯೇ? ಟೀ ಅಂಗಡಿಯ ಮುಂದೆ ಕೆಂಪಯ್ಯನೇ ಶುರು ಮಾಡಿದ.

“ಏನ್ಲಾ ಬೋರ, ಇವತ್ತು ಧಾರೆ ಎಷ್ಟೊತ್ಗೆ?”

“ಮುಚ್ಕಂಡ್ ಟೀ ಕುಡಿಯೋ.”

“ವಾಲಗ್ದೋರ್ಗೆ ಯೋಳ್ಬೇಕಲ್ಲಾ, ಅದುಕ್ ಕೇಳ್ದೆ ಕಣ್ಲಾ.”

ಮರ್ಯಾದೆಗೆ ಅಂಜಿ ಒಂದು ಸೋಮವಾರ ನಾನು ಹೋಗಲೇ ಇಲ್ಲ. ಅವತ್ತು ಸಣ್ಣತಾಯಮ್ಮನ ಪಟ್ಟಿಯನ್ನು ಕೆಂಪಯ್ಯ ಹಿಡಿದನಂತೆ. ಆಕೆ “ಅಯ್ಯೋ ತೋಳು ಕಿತ್ತೋಯ್ತದೆ” ಎಂದು ಕೂಗಿದ್ದಕ್ಕೆ ಗಾಬರಿಯಾಗಿ ಬಿಟ್ಟನಂತೆ. ಗಾಳಿ ಪುಸ್ಸೆಂದು ಹೋಯಿತು. “ನಂಗೇನೂ ಆಗಿಲ್ಲ ಬುಡವ್ವ” ಎಂದು ಆಕೆ ಬಿ.ಪಿ. ನೋಡಿಸದೆಯೇ ಎದ್ದು ಮನೆಗೆ ಬಂದರು. ಸಂಜೆ ನಲ್ಲಿಯ ಹತ್ತಿರ ಬಿಂದಿಗೆ ಎತ್ತುವಾಗ ಕಣ್ಣು ಕತ್ತಲಿಟ್ಟು ಬಿದ್ದರು. ಪುಣ್ಯಕ್ಕೆ ಬಿಂದಿಗೆ ಮಾತ್ರ ನೆಗ್ಗಿತು. ಮಾನ್ಯರೇ, ನಾನು ಇಲ್ಲಿಯವರೆಗೆ ತಮಾಷೆಯಾಗಿ ಬರೆದಿರಬಹುದು. ಆ ಬಿಂದಿಗೆ ತಮಾಷೆಯಲ್ಲ. ಒಬ್ಬ ಹೆಂಗಸಿನ ರಕ್ತದೊತ್ತಡ ಊರಿನವರ ಬಾಯಿಯನ್ನು ನಂಬಿಕೊಂಡು ಇರಬೇಕೇ?

ಮಾರನೆಯ ದಿನವೇ ತಮಗೆ ಅರ್ಜಿ ಬರೆಯಲು ಕುಳಿತೆ. ಕೆಂಪಯ್ಯ ಬಂದು ಪೆನ್ನು ಕಿತ್ತುಕೊಂಡ.

“ಗದ್ದೆಗ್ ನೀರ್ ಬರ್ನಿಲ್ಲ ಅಂದ್ರೆ ಕಾಗ್ದ ಬರ್ಕಂಡ್ ಕುಂತ್ಕತೀಯೇನ್ಲಾ? ಏರಿ ಮ್ಯಾಲೆ ನಡ್ಕಂಡ್ ಓಗ್ಬೇಕು. ಯಾವನೋ ಮ್ಯಾಲೆ ಅಡ್ಡ ಕಟ್ಟವ್ನೆ.”

ತಮಗೆ ಗೊತ್ತಿರಲಾರದು. ನಮ್ಮೂರಿರುವುದು ನಾಲೆಯ ಕೊನೆ ಭಾಗದಲ್ಲಿ. ನೀರು ಬಾರದಿದ್ದರೆ ನಾವು ಕೊನೆಯಿಂದ ಮೇಲಕ್ಕೆ ನಡೆಯುತ್ತೇವೆ. ಒಂದೊಂದು ತೂಬಿನ ಬಳಿಯೂ ಬಗ್ಗಿ, ಯಾರು ಕಲ್ಲು ಮಣ್ಣು ಹಾಕಿ ತಿರುಗಿಸಿಕೊಂಡಿದ್ದಾರೆಂದು ನೋಡುತ್ತೇವೆ. ಸೆಸ್ಸನ್ನೂ ಹಾಗೆಯೇ ಹುಡುಕಿದರಾಯಿತೆಂದು ಇಬ್ಬರೂ ಮಳವಳ್ಳಿಯ ಬಸ್ಸು ಹತ್ತಿದೆವು. ಅಲ್ಲಿ ತಾಲ್ಲೂಕು ಆರೋಗ್ಯ ಕಚೇರಿಯಲ್ಲಿ “ಇಂಡೆಂಟ್ ಹಾಕಿದ್ದೇವೆ, ಮೇಲಿಂದ ಬರಬೇಕು” ಎಂದರು. ಕೆಂಪಯ್ಯ ಬೀರುವಿನ ಹಿಂದೆ, ಮೇಜಿನ ಕೆಳಗೆ ಎಲ್ಲ ಬಗ್ಗಿ ನೋಡಿ, “ಇಲ್ಲಿ ಅಡ್ಡ ಕಾಣ್ನಿಲ್ಲ, ಮುಂದುಕ್ ನಡಿ” ಎಂದ. ಮಂಡ್ಯದ ಜಿಲ್ಲಾ ಕಚೇರಿಗೆ ಹೋದೆವು. ಅಲ್ಲಿ ಗೇಟಿನವನು ಕೆಂಪಯ್ಯನ ಚೀಲ ತೆಗೆಸಿದರೆ ಒಳಗೆ ಮೊಳದುದ್ದದ ಕಬ್ಬಿಣ.

“ಇದೇನಜ್ಜ?”

“ತೂಬಿನ್ ಕೀಲಿ ಕಣಪ್ಪ. ನಿಮ್ ಸಾಯೇಬ್ರ ತಾವ್ ಇಲ್ದೆ ಓದ್ರೆ ಇರ್ಲಿ ಅಂತ ತಂದೆ.”

ಕೀಲಿಯನ್ನು ಗೇಟಿನಲ್ಲೇ ಇಟ್ಟುಕೊಂಡರು. ಒಳಗೂ ಅದೇ ಉತ್ತರ, ಮೇಲಿಂದ ಬರಬೇಕು. ಎಲ್ಲರಿಗೂ ಒಂದು ಮೇಲು ಇದೆ ಸ್ವಾಮಿ. ಎಲ್ಲರೂ ಮೇಲೆ ನೋಡುತ್ತಾ ಕುಳಿತಿರುವ ಈ ದೇಶದಲ್ಲಿ ಕತ್ತುನೋವಿಗೆ ಪ್ರತ್ಯೇಕ ಆಸ್ಪತ್ರೆ ಬೇಡವೇ?

ಹಿಂತಿರುಗುವಾಗ ಮದ್ದೂರಿನಲ್ಲಿ ಇಳಿದು, ನನ್ನ ತೆರಿಗೆಯ ಲೆಕ್ಕ ನೋಡುವ ಆಡಿಟರ್ ಕಚೇರಿಯ ದೀಪಿಕಳನ್ನು ಕೇಳಿದೆ. ಆ ಹುಡುಗಿ ಸಮಾಧಾನವಾಗಿ ಬಿಡಿಸಿ ಹೇಳಿದಳು.

“ಅಂಕಲ್, ಸೆಸ್ಸಲ್ಲಿ ರಾಜ್ಯಕ್ಕೆ ಪಾಲಿಲ್ಲ. ಮೊದ್ಲು ಎಲ್ಲಾ ಡೆಲ್ಲಿಯ ದೊಡ್ಡ ಖಜಾನೆಗೆ ಹೋಗುತ್ತೆ. ಅಲ್ಲಿಂದ ಆರೋಗ್ಯದ ಪಾಲನ್ನ ತೆಗೆದು ಒಂದು ನಿಧಿಗೆ ಹಾಕ್ತಾರೆ. ಆಮೇಲೆ ಯೋಜನೆ ಯೋಜನೆ ದಾಟ್ಕೊಂಡು ಇಳೀಬೇಕು.”

ಕೆಂಪಯ್ಯ ವಡೆ ಮುರಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡ. “ಅಂಗಾರೆ ಕಟ್ಟೇಲಿ ನೀರೈತೆ. ನಾವು ಕೊನೇ ಬಾಗ್ದೋರು. ಸರೋಯ್ತು ಬುಡು, ಇದ್ರಲ್ಲೂ ಅದೇಯಾ!” ನನ್ನ ಬಿ.ಎ.ಯಲ್ಲಿ ಇದಕ್ಕೆ ‘ಹೆನ್ಸ್ ಪ್ರೂವ್ಡ್’ ಎನ್ನುತ್ತಿದ್ದರು, ಅಥವಾ ಅದು ಲೆಕ್ಕದ ಕ್ಲಾಸಿನಲ್ಲೋ. ದೊಡ್ಡ ದೊಡ್ಡ ಆಸ್ಪತ್ರೆಗಳನ್ನು ತಾವು ಕಟ್ಟುತ್ತಿರಬಹುದು, ಬಹಳ ಸಂತೋಷ. ಆದರೆ ಆ ಎತ್ತರದಿಂದ ಒಂದು ತೋಳಪಟ್ಟಿ ಕೆಳಗೆ ಬೀಳುವುದು ಅಷ್ಟು ಕಷ್ಟವೇ?

ಇನ್ನೊಂದು ವಿಷಯ. ಮದ್ದೂರಿನ ಮೆಡಿಕಲ್ ಸ್ಟೋರಿನಲ್ಲಿ ಗಟ್ಟಿ ಅಂಟಿನ ಯಂತ್ರ ಇತ್ತು. ಹೇಗೂ ಬಂದಿದ್ದೇನೆಂದು ತೋಳು ಕೊಟ್ಟೆ. ಬಿ.ಪಿ. ನಾರ್ಮಲ್! ಆದರೆ ಊರಿನಲ್ಲಿ ಪ್ರತಿ ಸೋಮವಾರವೂ ಏರಿಯೇ ಇರುತ್ತದೆ. ಅದನ್ನು ನೋಡಿ ದೊಡ್ಡ ಡಾಕ್ಟರು ಮಾತ್ರೆ ಹೆಚ್ಚಿಸಿದ್ದಾರೆ. ಸಿಸ್ಟರಿಗೆ ಹೇಳಿದೆ. ಆಕೆ ನನ್ನ ಮುಖ ನೋಡಿದರು, ಸಣ್ಣತಾಯಮ್ಮನ ಮುಖ ನೋಡಿದರು, “ಯಂತ್ರದ್ದೇನೂ ತಪ್ಪಿಲ್ಲ ಸಾರ್” ಎಂದು ಮುಂದಿನವರನ್ನು ಕರೆದರು. ಅಂಟಿಲ್ಲದ ತಪ್ಪಿಗೆ ನಾನು ಮಾತ್ರೆ ನುಂಗುತ್ತಿದ್ದೇನೆ, ದಯವಿಟ್ಟು ಗಮನಿಸಬೇಕು.

ಈ ಪತ್ರ ಬರೆಯುವ ವಿಷಯವನ್ನು ನಿನ್ನೆ ಬೇಲಿಯ ಆಚೆಗಿದ್ದ ಸಣ್ಣತಾಯಮ್ಮನಿಗೆ ಹೇಳಿದೆ. ಹೊಸ ಪಟ್ಟಿ ಬಂದರೆ ಯಾರ ಕೈಯನ್ನೂ ಕಾಯಬೇಕಾಗಿಲ್ಲ ಎಂದೆ. ಆಕೆ ಅವರೆಕಾಯಿ ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ.

“ಒಳ್ಳೇದೇ ಆಯ್ತು ಬುಡಿ ಆಪೀಸ್ನೋರೆ. ಪಟ್ಟಿ ಬಂದ್ರೆ ನೀವು ಸೋಮ್ವಾರ ಬರಾಕಿಲ್ವಾ?”

ನಾನು ಮನೆಯೊಳಗೆ ಬಂದು ಅರ್ಜಿಯ ಕೊನೆಯ ಸಾಲನ್ನು ಹೊಡೆದುಹಾಕಿದೆ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆಯನ್ನು ಹೀಗೆ ತಿದ್ದಿಕೊಂಡಿದ್ದೇನೆ. ಗಟ್ಟಿ ಅಂಟಿರುವ ತೋಳಪಟ್ಟಿಯೊಂದನ್ನು ಕೂಡಲೇ ಕಳಿಸಿ. ಆಕೆಯ ಬಿ.ಪಿ. ಒಂದು ವಾರವೂ ತಪ್ಪಬಾರದು, ಇದರಲ್ಲಿ ರಾಜಿ ಇಲ್ಲ. ಆದರೆ ಅದರ ಜೊತೆಗೆ, ಮುಂದಿನವರ ಪಟ್ಟಿಯನ್ನು ಹಿಂದಿನವರು ಹಿಡಿಯತಕ್ಕದ್ದೆಂಬ ಸಿಸ್ಟರ್ ರಂಜಿತ ಅವರ ನಿಯಮವನ್ನು ರದ್ದುಪಡಿಸುವ ಆದೇಶ ಏನಾದರೂ ಹೊರಟರೆ, ಅದನ್ನು ಮಾತ್ರ ಎಂದಿನಂತೆ ಮೇಲೆಯೇ ಇಟ್ಟುಕೊಳ್ಳಿ.

ಇಂತಿ,
ಮದ್ದೂರಿನಲ್ಲಿ ನಾರ್ಮಲ್, ಸೋಮವಾರ ಮಾತ್ರ ಅಬ್‌ನಾರ್ಮಲ್ ಆಗಿರುವ
ತಮ್ಮ ಕೊನೆ ಭಾಗದ ತೆರಿಗೆದಾರ,
ಚಿಕ್ಕಬೋರಯ್ಯ, ಬಿ.ಎ. (ಮೂರನೆಯ ಪ್ರಯತ್ನ)